ಗಂಗವ್ವನ ಕಣ್ಣ ಮೇಲೆ ಇಟ್ಟ ಕೈ

ಬ್ಯಾಡಗಿಯಲ್ಲಿ ರೈಲಿನಿಂದ ಇಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನಗೆ ಸೀನು ಹತ್ತಿತು. ಒಂದಲ್ಲ, ಎರಡಲ್ಲ. ಕೈಚೀಲ ಕೆಳಗಿಟ್ಟು ಕಂಬ ಹಿಡಿದು ನಿಂತೆ. ಕಣ್ಣು, ಮೂಗು, ಗಂಟಲು ಎಲ್ಲ ಉರಿ. ಗಾಳಿಯೇ ಖಾರ. ಚಹಾದಂಗಡಿಯವನು ನಕ್ಕ.

"ಹೊಸಬರೇನ್ರಿ? ಹದಿನೈದು ದಿವಸ ಸೀನ್ರಿ. ಆಮ್ಯಾಲೆ ಮೂಗು ತಾನ ಸುಮ್ಮನಾಗತೈತಿ."

ಉಡುಪಿ ಕಡೆಯ ನಮಗೆ ಬ್ಯಾಡಗಿ ಎಂದರೆ ಊರಲ್ಲ, ಮೆಣಸು. ಮೀನು ಸಾರಿಗೆ ಬಣ್ಣ ಕೊಡುವ, ಹೆಚ್ಚು ಖಾರವಿಲ್ಲದ ಸಾಧು ಮೆಣಸು. ಆ ಹೆಸರಿನ ಊರಿನಲ್ಲಿ ಒಲೆ ಹೂಡಬೇಕಾದೀತೆಂದು ನಾನು ಎಣಿಸಿರಲಿಲ್ಲ. ನನ್ನವರಿಗೆ ಇಲ್ಲಿನ ಶೀತಲಗೃಹವೊಂದರಲ್ಲಿ ಮೇಲ್ವಿಚಾರಕರ ಕೆಲಸ ಸಿಕ್ಕಿತು, ಬಂದೆವು.

ಮನೆ ಹುಡುಕುವುದೇ ಕಷ್ಟವಾಯಿತು. ನಮ್ಮಲ್ಲಿ ಬಾಡಿಗೆಗೆ ಹೋಗುವವರು ಬಾವಿಯಲ್ಲಿ ನೀರುಂಟಾ ಎಂದು ಕೇಳುತ್ತಾರೆ. ಇಲ್ಲಿ ಮನೆಯವರು, "ನೀವು ಯಾರ ಪೈಕಿ?" ಎಂದು ಕೇಳುತ್ತಾರೆ. ಕ್ರೈಸ್ತರು ಎಂದದ್ದಕ್ಕೆ ಒಬ್ಬಾಕೆ, "ಮಂದೀನ ನಿಮ್ಮ ಜಾತಿಗೆ ಸೇರಿಸಾಕ ಬಂದೀರೇನು?" ಎಂದು ಬಾಗಿಲು ಹಾಕಿಕೊಂಡಳು. ಐದನೆಯ ಮನೆಯ ರಜಿಯಾಬಿ ಮಾತ್ರ ಮಹಡಿಯ ಎರಡು ಕೋಣೆ ತೆರೆದು ತೋರಿಸಿ, "ಮೀನ ಹುರೀತೀರೇನು? ಹುರಿದ್ರ ನನಗೂ ಒಂದು ತುಂಡು ಕೊಡಬೇಕು ನೋಡ್ರಿ" ಎಂದಳು. ದಿನಕ್ಕೊಂದಾದರೂ ದೇವರ ಕರುಣೆ ನೆನೆದು ಮಲಗಬೇಕೆಂದು ನಮ್ಮಮ್ಮ ಕಲಿಸಿದ್ದರು. ಅವತ್ತಿನದು ರಜಿಯಾಬಿ.

ನನ್ನ ಮಾತು ಕೇಳಿದರೆ ಅಂಗಡಿಯವರಿಗೆ ನಗು. "ಪುಸ್ತಕ ಓದಿದಂಗ ಮಾತಾಡ್ತೀರಲ್ರಿ ಅಕ್ಕಾರ" ಎನ್ನುತ್ತಿದ್ದರು. ಕುಚ್ಚಲಕ್ಕಿ ಸಿಗಲಿಲ್ಲ. ರೊಟ್ಟಿ ತಟ್ಟಲು ಬಾರದು. ರವಿವಾರ ಬಸ್ಸು ಹಿಡಿದು ರಾಣೆಬೆನ್ನೂರಿನ ಆರಾಧನೆಗೆ ಹೋಗಿ ಬಂದರೆ ಉಳಿದ ಆರು ದಿನ ನನ್ನ ಪ್ರಾರ್ಥನೆಗೆ "ಆಮೆನ್" ಎನ್ನಲು ಯಾರೂ ಇಲ್ಲ. ಊರಲ್ಲಾದರೆ ಸಂಜೆ ಪ್ರಾರ್ಥನೆಗೆ ನೀವೂ ನಾವೂ ನಾಲ್ಕು ಮನೆಯವರು ಸೇರುತ್ತಿದ್ದೆವು.

ಆ ಒಂಟಿತನವೇ ನನ್ನನ್ನು ಗಂಗವ್ವನ ಬಳಿಗೆ ಕಳಿಸಿತು. ಅವಳ ಮೇಲಿನ ಕನಿಕರ ಎಂದು ನಿಮಗೆ ಬರೆದರೆ ಸುಳ್ಳಾದೀತು.

ಗಂಗವ್ವ ಸ್ಟೇಷನ್ ರಸ್ತೆಯಲ್ಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಇರುತ್ತಿದ್ದಳು. ಒಂದು ಗೋಣಿಚೀಲ, ಒಂದು ತಂಬಿಗೆ. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು ಬೆಳಕು, ನೆರಳು ಅಷ್ಟೇ ತಿಳಿಯುತ್ತಿತ್ತು. ಆಯುಷ್ಯವೆಲ್ಲ ಅವಳು ಮೆಣಸಿನಕಾಯಿಯ ತುಂಬು ಬಿಡಿಸಿದವಳು. ತೊಟ್ಟಿಗೆ ಇಲ್ಲಿ ತುಂಬು ಎನ್ನುತ್ತಾರೆ. ಕಣ್ಣು ಮಂಜಾಗಿ ಕೊಳೆತ ಕಾಯಿ ಒಳ್ಳೆಯದರಲ್ಲಿ ಬೆರೆಯತೊಡಗಿದಾಗ ಕೆಲಸದಿಂದ ಎಬ್ಬಿಸಿದರು.

"ಒಂದು ಕಣ್ಣು ಬರಲಿ ತಂಗಿ, ಹೊಳ್ಳಿ ಕೆಲಸಕ್ಕ ಹೋಗಿ ಕುಂದ್ರತೇನಿ. ಬೇಡಿ ತಿನ್ನೂದು ಬ್ಯಾಡಾಗೈತಿ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ನಾನು ಗಂಜಿ ಒಯ್ಯುತ್ತಿದ್ದೆ. "ಇದೇನ ನೀರನ್ನ? ನಾ ಏನ ಜಡ್ಡಾಗಿ ಮಲಗೇನೇನು?" ಎಂದು ಬೈದುಕೊಂಡೇ ಕುಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಯೇಸುಸ್ವಾಮಿಯ ಒಂದೊಂದೇ ಕತೆ ಹೇಳುತ್ತಿದ್ದೆ. ಉಗುಳಿನಿಂದ ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿ ಸ್ವಾಮಿ ದೃಷ್ಟಿ ಕೊಟ್ಟದ್ದನ್ನು ಹೇಳಿದ ದಿನ ಅವಳು ಜೋರಾಗಿ ನಕ್ಕಳು.

"ನನ್ನ ಮ್ಯಾಲೆ ಉಗುಳಿದ ಮಂದಿ ಭಾಳ ಅದಾರ. ಒಬ್ಬರ ಉಗುಳಿಗೂ ಕಣ್ಣು ಬರಲಿಲ್ಲ ನೋಡು."

ಆದರೂ ಮರುದಿನ ಅವಳೇ ಕೇಳಿದಳು. "ನಿನ್ನ ಸ್ವಾಮಿ ನಿನ್ನಿ ಎಲ್ಲಿಗೆ ಬಂದಿದ್ದ? ಮುಂದ ಹೇಳ."

ಅಷ್ಟರಲ್ಲಿ ಕಣ್ಣಿನ ಶಿಬಿರ ಬಂತು. ಪರೀಕ್ಷೆ ಮಾಡಿದ ವೈದ್ಯರು ಬಲಗಣ್ಣಿನ ಪೊರೆ ತೆಗೆಯಬಹುದು ಎಂದರು. ಗುರುವಾರ ಬೆಳಿಗ್ಗೆ ಎಂಟಕ್ಕೆ ಸ್ಟೇಷನ್ ರಸ್ತೆಯಿಂದ ಬಸ್ಸು, ಹಾವೇರಿಯಲ್ಲಿ ಶಸ್ತ್ರಚಿಕಿತ್ಸೆ, ಜೊತೆಗೆ ನಾನು. ಗಂಗವ್ವ ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಚಹಾದಂಗಡಿಯವನಿಗೆ, "ನಿನ್ನ ಮಾರಿ ಹ್ಯಾಂಗೈತಿ ಅಂತ ಬಂದು ಹೇಳತೇನಿ, ತಡಿ" ಎಂದಳಂತೆ.

ಗುರುವಾರ ನಸುಕಿಗೇ ನನಗೆ ಎಚ್ಚರ. ಕೆಳಗೆ ರಜಿಯಾಬಿ ವರ್ಷದ ಖಾರದ ಪುಡಿಗೆಂದು ಮೆಣಸಿನಕಾಯಿ ಹರವಿಕೊಂಡಿದ್ದಳು. ಸುಮ್ಮನೆ ಕೂರಲಾರದೆ ಒಂದು ಗಂಟೆ ತುಂಬು ಬಿಡಿಸಿಕೊಟ್ಟೆ. ನನ್ನ ಪಾಲಿಗೆ ಅದು ಸಾಧು ಮೆಣಸು. ಪಾತ್ರೆ ತಿಕ್ಕಿ ದಪ್ಪಗಾದ ಅಂಗೈಗೆ ಏನೂ ತಿಳಿಯಲಿಲ್ಲ. ಸಾಬೂನಿನಿಂದ ಎರಡು ಸಲ ಕೈ ತೊಳೆದು ಹೊರಟೆ.

ಬಸ್ಸು ಬಂದು ನಿಂತಿತ್ತು. ಗಂಗವ್ವ ಚೀಲ ಹಿಡಿದು ಎದ್ದಿದ್ದಳು. ನಮ್ಮಲ್ಲಿ ರೋಗಿಯ ಮೇಲೆ ಕೈಯಿಟ್ಟು ಪ್ರಾರ್ಥಿಸದೆ ಆಸ್ಪತ್ರೆಗೆ ಕಳಿಸುವುದಿಲ್ಲ. ಅವಳು ಕೇಳಿರಲಿಲ್ಲ, ನಾನೇ ಹಿಡಿದು ಕೂರಿಸಿದೆ.

"ಲಗೂ ಮುಗಸ ತಂಗಿ, ಬಸ್ಸ ಹೋದೀತು."

ಎರಡೂ ಅಂಗೈಗಳನ್ನು ಅವಳ ಕಣ್ಣುಗಳ ಮೇಲಿಟ್ಟು ಪ್ರಾರ್ಥನೆ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು. ಮೈ ನಡುಗಿತು. ಪವಿತ್ರಾತ್ಮ ಮುಟ್ಟಿದನೆಂದು ನಂಬಿದೆ. ನಂಬಿ, ಇನ್ನೂ ಗಟ್ಟಿಯಾಗಿ ಒತ್ತಿದೆ.

ಅವಳು ನನ್ನ ಕೈ ಕಿತ್ತೆಸೆದು ಚೀರಿದಳು. "ಸುಟ್ಟಳೋ! ಕಣ್ಣ ಸುಟ್ಟಳೋ!"

ಜನ ಸೇರಿತು. "ಏನ ಹಚ್ಚಿದೀ ಮುದುಕಿ ಕಣ್ಣಿಗೆ?" ಎಂದು ಒಬ್ಬ ನನ್ನ ರಟ್ಟೆ ಹಿಡಿದ. ಚಹಾದಂಗಡಿಯವನು ನೀರು ಹೊಯ್ದ. ಅದಕ್ಕೂ ಮೊದಲೇ ಗಂಗವ್ವ ಸೆರಗಿನಿಂದ, ರಸ್ತೆಯ ಧೂಳು ಮೆತ್ತಿದ ಆ ಸೆರಗಿನಿಂದ, ಕಣ್ಣನ್ನು ಉಜ್ಜಿ ಉಜ್ಜಿ ಕೆಂಡ ಮಾಡಿಕೊಂಡಿದ್ದಳು. ಹಾಗೆಯೇ ಬಸ್ಸು ಹತ್ತಿದೆವು. ಹಾವೇರಿಯಲ್ಲಿ ವೈದ್ಯರು ರೆಪ್ಪೆ ಬಿಡಿಸಿ ನೋಡಿ ಪಕ್ಕಕ್ಕೆ ಸರಿಸಿದರು.

"ಇಂಥಾ ಕಣ್ಣಿಗೆ ಆಪರೇಷನ್ ಮಾಡಾಕ ಬರಂಗಿಲ್ಲರಿ. ಹನಿ ಔಷಧ ಬಿಡ್ರಿ, ವಾಸಿ ಆದ ಮ್ಯಾಲೆ ಕರಕೊಂಡು ಬರ್ರಿ."

ಮನೆಗೆ ಬಂದು ಹೇಳಿದಾಗ ರಜಿಯಾಬಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಬರೇ ಸಾಬೂನಿಗೆ ಹೋಗತೈತೇನ್ರಿ ಅದು? ಮದ್ಲ ಎಣ್ಣಿ ಹಚ್ಚಿ ಒರಸಬೇಕು. ಇಲ್ಲಿ ಹಡದ ತಾಯಂದ್ರು ತುಂಬು ಬಿಡಿಸಿ ಬಂದ್ರ ಕೂಸಿನ ಮಾರಿ ಮುಟ್ಟಂಗಿಲ್ಲ. ಅದರಾಗ ಅರ್ಧ ಖಾರದ ಗುಂಟೂರು ಕಾಯಿ ಬ್ಯಾರೆ ಕಲಸಿದ್ದೆ. ಬರೇ ಬಣ್ಣ ತಿನ್ನಾಕ ನಾವೇನ ನಿಮ್ಮ ಕಡೆಯವರೇನು?"

ಹನಿ ಹಾಕಲು ಗಂಗವ್ವ ನನ್ನನ್ನು ಹತ್ತಿರ ಬಿಡಲಿಲ್ಲ. ಹೆಜ್ಜೆ ಸಪ್ಪಳ ಕೇಳಿದರೆ ಎರಡು ಕೈಯಲ್ಲೂ ಮುಖ ಮುಚ್ಚುತ್ತಿದ್ದಳು. ರಜಿಯಾಬಿ ಹಾಕತೊಡಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಆ ಮೂರು ದಿನದಲ್ಲಿ ಕರಿಗುಡ್ಡೆಯ ಮೇಲೆ ಹುಣ್ಣಾಯಿತು. ಹುಣ್ಣು ಮಾಯ್ದಾಗ ಮೇಲೆ ಬಿಳಿ ಕಲೆ ಕೂತಿತ್ತು. ಇನ್ನು ಪೊರೆ ತೆಗೆದು ಉಪಯೋಗವಿಲ್ಲ ಎಂದರು ವೈದ್ಯರು. ಈಗ ಅವಳಿಗೆ ಬೆಳಕೂ ಇಲ್ಲ, ನೆರಳೂ ಇಲ್ಲ.

ಊರಿನ ಸಭೆಯವರೇ, ಕ್ರಿಸ್‌ಮಸ್ಸಿಗೆ ಊರಿಗೆ ಬಂದಿದ್ದಾಗ ಎಲ್ಲರೆದುರು ನನ್ನನ್ನು ನಿಲ್ಲಿಸಿ ನಂಬಿಕೆಯ ಸಾಕ್ಷಿ ಹೇಳಿಸಿದಿರಿ. ಬೀದಿಯವರಿಗೆ ಗಂಜಿ ಕೊಡುತ್ತೇನೆ, ಸ್ವಾಮಿಯ ಕತೆ ಹೇಳುತ್ತೇನೆ ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ಇದನ್ನು ಹೇಳಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಅಲ್ಲಿ ಹಬ್ಬದೂಟದಲ್ಲಿ ಕೂತು ಗಂಗವ್ವ ಏನು ತಿಂದಳೋ ಎಂದು ತಳಮಳಿಸಿದೆ. ಇಲ್ಲಿಗೆ ಮರಳಿದ ಮರುದಿನವೇ ನಮ್ಮ ಊರಿನ ಗಾಳಿ ಬೇಕೆನಿಸಿತು. "ಬಂದುಬಿಡು" ಎನ್ನುತ್ತೀರಿ. ಬರಲಾರೆ. ಇಲ್ಲಿರು ಎಂದು ಮಾತ್ರ ಇಲ್ಲಿ ಯಾರೂ ಹೇಳಿಲ್ಲ.

ರೊಟ್ಟಿ ತಟ್ಟಲು ಕಲಿತಿದ್ದೇನೆ. ದಿನಾ ಎರಡು ರೊಟ್ಟಿ, ಪಲ್ಯ ಕಟ್ಟಿ ರಜಿಯಾಬಿಯ ಕೈಯಲ್ಲಿ ಕಳಿಸುತ್ತೇನೆ, ತನ್ನದೇ ಅಡುಗೆ ಎನ್ನಬೇಕೆಂದು ಹೇಳಿ. ನಾನು ರಸ್ತೆಯ ಈಚೆ ನಿಂತಿರುತ್ತೇನೆ. ಮೊನ್ನೆ ಗಂಗವ್ವ ರೊಟ್ಟಿಯ ಅಂಚು ಬೆರಳಿನಿಂದ ಸವರಿ ನೋಡಿ ಕೇಳಿದಳು.

"ಸಾಬರಾಕಿ, ನೀ ಇಷ್ಟು ದಪ್ಪ ತಟ್ಟಂಗಿಲ್ಲ. ಇದು ಆಕೀ ಕೈದು, ಹೌದಲ್ಲ?"

ರಜಿಯಾಬಿ ರಸ್ತೆಯ ಈಚೆಗೆ ನನ್ನತ್ತ ನೋಡಿದಳು.

"ಹಸಿವಿಗೆ ತಿಂತೇನಿ. ಗಂಗವ್ವ ಮಾಫ್ ಮಾಡ್ಯಾಳ ಅಂತ ತಿಳಕೋಬ್ಯಾಡ ಅಂತ ಹೇಳ ಆಕೀಗೆ" ಎಂದಳು, ನನಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ರೊಟ್ಟಿ ಮುರಿದಳು.