ಸುಡದೆ ಬಿಟ್ಟ ಅರ್ಧ ಕೆರೆ

ಕೆರೆಗೆ ಬೆಂಕಿ ಹಚ್ಚಲು ಹೊರಟಿದ್ದೇನೆಂದಾಗ ಧಾರವಾಡದಲ್ಲಿ ನಮ್ಮ ಮನೆಯವರೇ ನಕ್ಕಿದ್ದರು. "ನೀರಿಗೆ ಎಲ್ಲೆರೆ ಬೆಂಕಿ ಹತ್ತತೈತೇನ?" ಎಂದು ಅಪ್ಪ ಕೇಳಿದ್ದೇ ಕೇಳಿದ್ದು. ಹತ್ತುವುದು ನೀರಿಗಲ್ಲ, ಅಂಚಿನ ಒಣ ಜೊಂಡಿಗೆ ಎಂದು ಎಷ್ಟು ಸಲ ಹೇಳುವುದು?

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಪಿಎಚ್.ಡಿ.ಗೆಂದು ಸಿಂದಗಿ ತಾಲೂಕಿನ ಯಂಕಂಚಿಯ ಕಡೆ ಒಂದು ಕೆರೆ ಹಿಡಿದುಕೊಂಡಿದ್ದೆ. ನೀರು ಇಳಿದ ಮೇಲೆ ಊರವರು ಪ್ರತಿವರ್ಷ ಜೊಂಡು ಸುಡುತ್ತಿದ್ದರು, ದನಗಳಿಗೆ ಎಳೆ ಹುಲ್ಲು ಬರಲೆಂದು. ಸುಟ್ಟಲ್ಲಿ ಏನು ಚಿಗುರುತ್ತದೆ, ಸುಡದಲ್ಲಿ ಏನು ಚಿಗುರುತ್ತದೆ ಎಂದು ನೋಡುವುದೇ ನನ್ನ ಸಂಶೋಧನೆ. ಅರ್ಧ ಸುಡಬೇಕು, ಅರ್ಧ ಬಿಡಬೇಕು. ಮೊದಲ ವರ್ಷ ನಾನು ಹೋಗುವಷ್ಟರಲ್ಲಿ ಇಡೀ ಕೆರೆಯಂಗಳ ಕರ್ರಗಾಗಿತ್ತು. ಇನ್ನೊಂದು ಸಲ ಹೀಗಾದರೆ ವಿಷಯ ಬಿಟ್ಟುಬಿಡು ಎಂದು ಗೈಡ್ ಖಡಕ್ಕಾಗಿ ಹೇಳಿದರು. ಬಿಟ್ಟರೆ ಮದುವೆ ಎಂದು ಅಪ್ಪ ಅವರಿಗಿಂತ ಖಡಕ್ಕಾಗಿ ಹೇಳಿದರು.

ಎರಡನೆಯ ವರ್ಷ ಸುಗ್ಗಿಗೇ ಹೋಗಿ ಕೂತೆ. ಇಳಿದುಕೊಂಡದ್ದು ಒಬ್ಬ ಮುದುಕಿಯ ಮನೆಯಲ್ಲಿ. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಎಂದೆ. ನೀರು ಇನ್ನೂ ಇಳಿದಿರಲಿಲ್ಲ. ಬೇಸರ ಕಳೆಯಲು ಒಂದು ದಿನ ಆಯಿಯ ಹೊಲದಲ್ಲಿ ಬಿಳಿಜೋಳ ಕಿತ್ತೆ. ಆ ಸೀಮೆಯಲ್ಲಿ ಜೋಳವನ್ನು ಬೇರುಸಹಿತ ಕೀಳುತ್ತಾರೆ. ಅಂಗೈ ತುಂಬ ಬೊಬ್ಬೆ ಎದ್ದವು. ನನ್ನ ಪಾಲಿಗೆ ಅದು ಅಲ್ಲಿಗೇ ಮುಗಿಯಿತು. ಅವರ ಪಾಲಿಗೆ ಮುಗಿಯಲಿಲ್ಲ. ನಮ್ಮ ಹೊಲದಲ್ಲಿ ಒಬ್ಬರು ದುಡಿದರೆ ಅವರ ಹೊಲದಲ್ಲಿ ನಾವು ದುಡಿದು ಮುಯ್ಯಿ ತೀರಿಸಬೇಕು. ನನಗೆ ಹೊಲವಿರಲಿಲ್ಲ. ಜೊಂಡಿತ್ತು.

ಜೊಂಡು ಒಣಗಿದಾಗ ಹಿರಿಯರನ್ನು ಕಾಡಿ ಬೇಡಿ, ಬೆಂಕಿ ದಾಟದಂತೆ ನಡುವೆ ಕತ್ತರಿಸಿ ದಾರಿ ಮಾಡಿ, ಅರ್ಧ ಸುಟ್ಟೆ. ಹೊಗೆ ಕುಡಿದು ಕೆಮ್ಮು ಹತ್ತಿತು. ಬೂದಿ, ಮಣ್ಣು ಕಟ್ಟಿಕೊಂಡು ಗೈಡ್‌ಗೆ ತೋರಿಸಲು ಧಾರವಾಡಕ್ಕೆ ಹೊರಟಾಗ ಆಯಿಗೂ ಆಕೆಯ ಮಗನಿಗೂ ಹೇಳಿದೆ, "ಉಳಿದದ್ದು ಸುಡಬ್ಯಾಡ್ರಿ." ಇಬ್ಬರೂ ಗೋಣು ಹಾಕಿದರು.

ತಿರುಗಿ ಬಂದಾಗ ಬಸ್ಸಿನ ಕಿಟಕಿಯಿಂದಲೇ ಕಂಡಿತು. ಉಳಿದರ್ಧವೂ ಬೂದಿ.

ಮಗ ಹಿಗ್ಗಿನಿಂದ ಎದುರು ಬಂದ. "ಅಕ್ಕಾರ, ನೀವು ಕೆಮ್ಮಿಕೋತ ಅರ್ಧಾಕ್ಕ ಬಿಟ್ಟು ಹ್ವಾದ್ರಿ. ಜ್ವಾಳಾ ಕಿತ್ತ ಮುಯ್ಯಿ ಇತ್ತಲ್ರಿ, ಮಂದಿ ಕೂಡಿ ಹೊತ್ತು ಮುಣಗೂದ್ರಾಗ ಮುಗಿಸಿದಿವಿ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಎರಡು ವರ್ಷ. ಕಟ್ಟೆಯ ಮೇಲೆ ಕೂತು ಗಳಗಳ ಅತ್ತೆ. ಸಿಟ್ಟು ಯಾರ ಮೇಲೆ ಮಾಡುವುದು? ಉಪಕಾರ ಮಾಡಿದವರನ್ನು ಬೈಯಲು ಬಾಯಿಯೂ ಬರುವುದಿಲ್ಲ!

"ಬ್ಯಾಡ ಅಂದಿದ್ನಲ್ಲ, ಆಯಿ!"

"ಅಂದಿದ್ದಿ ಖರೆ," ಎಂದಳು ಆಯಿ. "ಎರಡನೇ ರೊಟ್ಟಿಗೂ ದಿನಾ ಬ್ಯಾಡ ಅಂತೀ. ಹಾಕಿದ್ರ ತಿನ್ನೂದಿಲ್ಲೇನು?"

ತಿನ್ನುತ್ತಿದ್ದೆ. ಅದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. ನಮ್ಮ ಕಡೆ ಹಸಿದವರೂ ಮೊದಲು ಬೇಡವೆನ್ನಬೇಕು, ಬಡಿಸುವವರು ಅದನ್ನು ಕೇಳಿಸಿಕೊಳ್ಳಬಾರದು. ನಾನೂ ಹಾಗೆಯೇ ಬೆಳೆದವಳು.

ಗೈಡ್ ಕಾಲು ಹಿಡಿದು ಮೂರನೆಯ ವರ್ಷ ದಕ್ಕಿಸಿಕೊಂಡೆ. ಇದೇ ಕಡೆಯದೆಂದರು. ಈ ಸಲ ಬಂದ ದಿನವೇ ಹಟ ಹಿಡಿದೆ. ಎರಡನೆಯ ರೊಟ್ಟಿ ಬಂದರೆ ಗಂಗಾಳಕ್ಕೆ ಕೈ ಅಡ್ಡ ಹಿಡಿದು ಬೇಡವೆಂದು ಎದ್ದೇಬಿಡುತ್ತಿದ್ದೆ. "ನಾ ಬ್ಯಾಡ ಅಂದ್ರ ಬ್ಯಾಡನ, ಆಯಿ. ಜೊಂಡಿಗೂ ಇದ ಮಾತು." ಮೊದಮೊದಲು ಆಯಿ ಮುಖ ಸಣ್ಣ ಮಾಡಿಕೊಂಡಳು, ನನ್ನ ಕೈ ತಪ್ಪಿಸಿ ಗಂಗಾಳಕ್ಕೆ ರೊಟ್ಟಿ ಎಸೆದೂ ನೋಡಿದಳು. ನಾನು ಮುಟ್ಟಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಆಗಿನ ನನ್ನಷ್ಟು ಸಿಡುಕಿ ಆ ಊರಲ್ಲಿ ಇನ್ನೊಬ್ಬಳಿರಲಿಲ್ಲ. ಕೊನೆಗೆ ಆಯಿ ಒಂದೇ ರೊಟ್ಟಿ ಬಡಿಸತೊಡಗಿದಳು. ಆಕೆಯೇ ಮನೆಮನೆಗೆ ಹೋಗಿ, ಈ ಹುಡುಗಿ ಬ್ಯಾಡ ಅಂದ್ರ ಖರೇನ ಬ್ಯಾಡ ಅಂತ ಹೇಳಿ ಬಂದಳಂತೆ.

ಜೊಂಡು ಒಣಗಿದಾಗ ಮತ್ತೆ ಅರ್ಧ ಸುಟ್ಟೆ. ಉಳಿದರ್ಧವನ್ನು ಈ ಸಲ ಯಾರೂ ಮುಟ್ಟಲಿಲ್ಲ. ಮಳೆ ಬಿದ್ದು ಎರಡೂ ಕಡೆ ಚಿಗುರಿತು. ಬೇಕಾದದ್ದನ್ನೆಲ್ಲ ನೋಡಿದೆ, ಅಳೆದೆ. ಡಿಗ್ರಿ ಬಂತೆಂದೇ ಲೆಕ್ಕ. ಹೊರಡುವ ದಿನ ಮನಸ್ಸು ಹಗುರಾಗಿತ್ತು. ಆಯಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅವತ್ತು ಎಷ್ಟು ಹಾಕಿದರೂ ತಿನ್ನುತ್ತಿದ್ದೆ.

ಆಯಿ ಎರಡನೆಯ ರೊಟ್ಟಿ ಹಿಡಿದು ದೂರವೇ ನಿಂತಳು. "ಹಾಕ್ಲೇನ್ ಯವ್ವಾ?"

"ಬ್ಯಾಡ," ಅಂದಿತು ನನ್ನ ಸುಡುಗಾಡು ಬಾಯಿ.

ಆಯಿ ಗೋಣು ಹಾಕಿ, ರೊಟ್ಟಿಯನ್ನು ತಿರುಗಿ ಬುಟ್ಟಿಗೆ ಇಟ್ಟುಬಿಟ್ಟಳು.