ಗೋಡೆಗೆ ಮುಖ ಮಾಡಿದ ಚಿತ್ರ

ಬಾಗಿಲ ಗಂಟೆ ಹೊಡೆದರೆ ವಿಮಲಾ ಮೊದಲು ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಬಾಗಿಲು ತೆಗೆಯುತ್ತಾರೆ. ಸೋಮವಾರ ಬೆಳಿಗ್ಗೆ ಅಷ್ಟಕ್ಕೆ ಪುರಸೊತ್ತು ಸಿಗಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಕುಮುದಾ ರೊಟ್ಟಿ ಡಬ್ಬಿ ಹಿಡಿದು ಹಿಂಬಾಗಿಲಿನಿಂದ ನೇರ ಒಳಗೆ ಬಂದಿದ್ದರು.

ಮೈಸೂರಿನ ವಿಮಲಾ ನಾಗಪುರದ ವಾಯುಪಡೆ ಕಾಲೊನಿಗೆ ಬಂದು ನಾಲ್ಕು ವರ್ಷ. ಪತಿ ಧನಂಜಯ ಸಾರ್ಜೆಂಟ್. ಇಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಹಾಲಿನವನಿಗೂ ಆಕೆ 'ಸಾರ್ಜೆಂಟ್ ಸಾಬ್ ಕೀ ಮೇಡಂ'. ಮಹಿಳಾ ಕೂಟದ ಚಿತ್ರ ಪ್ರದರ್ಶನಕ್ಕೆ ಪ್ರತಿ ವರ್ಷ ಕಮಲದ ಹೂ ಬರೆದು ಕೊಡುತ್ತಾರೆ. ಕೆಳಗಿನ ಚೀಟಿಯಲ್ಲಿ ಗಂಡನ ಹುದ್ದೆ, ಹೆಸರು ಇರುತ್ತದೆ. ಈ ಸಲದ ಚಿತ್ರದಲ್ಲಿ ಹೂವಿಲ್ಲ, ಯಾವ ಆಕಾರವೂ ಇಲ್ಲ. ಕಪ್ಪಿನ ಮೇಲೆ ಕಪ್ಪು, ಒಂದು ಮೂಲೆಯಲ್ಲಿ ಹಳದಿಯ ಸಣ್ಣ ಸೀಳು.

ಕಳೆದ ಬೇಸಿಗೆಯಲ್ಲಿ ಗಡಿಯಲ್ಲಿ ಕಾದಾಟ ನಡೆದಾಗ ಹಲವು ದಿನ ಧನಂಜಯ ಎಲ್ಲಿದ್ದರೆಂದು ಆಕೆಗೆ ಗೊತ್ತಿರಲಿಲ್ಲ. ಕಾಲೊನಿಯಲ್ಲಿ ಅದನ್ನು ಕೇಳುವ ಪದ್ಧತಿಯಿಲ್ಲ. ಹೆದರಿಕೆಯಾಗುತ್ತಿದೆ ಎಂದು ಹೇಳುವ ಪದ್ಧತಿ ಮೊದಲೇ ಇಲ್ಲ. ಅಮೂರ್ತ ಚಿತ್ರವಾದರೆ ಯಾರಿಗೂ ತಿಳಿಯುವುದಿಲ್ಲ ಎಂದು ವಿಮಲಾ ಎಣಿಸಿದ್ದರು.

"ಅಕ್ಕಾ, ಇದು ಕಿಟಕಿಗೆ ಕರಿ ಕಾಗದ ಹಚ್ಚಿದ ದಿನದ್ದಲ್ಲೇನ್ರಿ?" ಎಂದರು ಕುಮುದಾ.

"ಸುಮ್ಮನೆ ಬಣ್ಣ ಅಷ್ಟೇ."

"ನಮ್ಮನ್ಯಾಗೂ ಮೂಲ್ಯಾಗ ಕಾಗದ ಬರೋಬರ್ ಕೂತಿದ್ದಿಲ್ಲ. ಹಿಂಗ ಬೆಳಕು ಬೀಳ್ತಿತ್ತು. ನನಗೊಬ್ಬಾಕಿಗೇ ಅಂಜಿಕಿ ಅಂತ ತಿಳಿದಿದ್ದೆ."

ಆ ಬೇಸಿಗೆ, ರಾತ್ರಿ ಮನೆಯ ಬೆಳಕು ಹೊರಗೆ ಕಾಣದಂತೆ ಮಾಡುವ ಬ್ಲ್ಯಾಕೌಟ್ ಅಭ್ಯಾಸಕ್ಕೆ ಕಾಲೊನಿಯ ಎಲ್ಲ ಮನೆಗಳ ಕಿಟಕಿಗೂ ಕಪ್ಪು ಕಾಗದ ಅಂಟಿಸಿದ್ದರು. ಹೊರಗಿನವರಿಗೆ ಏನೂ ಹೇಳದ ಚಿತ್ರ ಇಲ್ಲಿ ಒಬ್ಬೊಬ್ಬರಿಗೂ ಅರ್ಥವಾಗುತ್ತದೆ. ಅದು ವಿಮಲಾಗೆ ಹೊಳೆದಿರಲೇ ಇಲ್ಲ.

"ಇದನ್ನ ಕೊಡಲ್ಲ. ಸಾರ್ಜೆಂಟ್ ಹೆಂಡತಿ ಹೆದರುಪುಕ್ಕಲಿ ಅಂತಾರೆ. ಕೆಳಗೆ ಇವರ ಹೆಸರು ಬೇರೆ."

"ಹಂಗಾರ ಮತ್ತೊಂದು ಕಮಲ ಬರೀರಿ. ನಾಕು ವರ್ಷಾತು, ಕೆರಿ ತುಂಬೇತಿ."

ಸಂಜೆ ಧನಂಜಯ ಬಂದಾಗ ವಿಮಲಾ ಚಿತ್ರ ತಿರುಗಿಸಲಿಲ್ಲ. ಕೊಡುವುದೇ ಆದರೆ ಕಾಲೊನಿ ನೋಡುವ ಮೊದಲು ಅವರು ನೋಡಲಿ ಎಂದುಕೊಂಡಿದ್ದರು. ಅವರು ಬೂಟು ಬಿಚ್ಚದೆ ನಿಂತು ನೋಡಿದರು.

"ಇದರಲ್ಲಿ ನಾನೆಲ್ಲಿದ್ದೀನಿ?"

"ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ."

"ಇದೇನು ಅಂತ ಯಾರಾದ್ರೂ ಕೇಳಿದ್ರೆ?"

"ಭಯ ಅಂತೀನಿ."

ಧನಂಜಯ ಬಗ್ಗಿ ಬೂಟಿನ ದಾರ ಸಡಿಲಿಸಿದರು. "ಹಾಗಾದ್ರೆ ಚೀಟಿ ಮೇಲೆ ನನ್ನ ಹೆಸರು ಬೇಡ. ಹೆದರಿದ್ದು ನೀನು. ನಿನ್ನ ಹೆಸರೇ ಹಾಕು."

ಅದು ಸಿಟ್ಟೋ ಒಪ್ಪಿಗೆಯೋ ವಿಮಲಾಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ. ಬುಧವಾರ ಚಿತ್ರವನ್ನು ಕೂಟದ ಹಾಲ್‌ಗೆ ಒಪ್ಪಿಸಿದರು. ಚೀಟಿಯಲ್ಲಿ 'ವಿಮಲಾ' ಎಂದಷ್ಟೇ ಬರೆದಿದೆ.

ಪ್ರದರ್ಶನ ಭಾನುವಾರ. ಧನಂಜಯ ಶುಕ್ರವಾರ ಡ್ಯೂಟಿ ಮೇಲೆ ಹೊರಡುತ್ತಾರೆ. ಎಲ್ಲಿಗೆ ಎಂದು ಹೇಳಿಲ್ಲ.