ಕೂಸಿಗೆ ಬಾದಾಮಿ ಹಾಲು ಕೊಡೆನೆಂದದ್ದು

ದನದ ಹಾಲು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಸಕ್ಕರೆ ಹಾಕದ ಬಾದಾಮಿ ಹಾಲು ಹಗುರ, ಅದನ್ನೇ ಕುಡಿಯುತ್ತೇನೆ, ಅಂಕೋಲೆಯ ನನ್ನ ಅಂಗಡಿಯಲ್ಲಿ ಮಾರುತ್ತೇನೆ ಕೂಡ. ಆದರೆ ಮೊನ್ನೆ ತೋಡೂರಿನ ತಾಯಿಯೊಬ್ಬಳು ಕಂಕುಳಲ್ಲಿ ವರ್ಷ ದಾಟಿದ ಕೂಸು ಎತ್ತಿಕೊಂಡು ಬಂದು, "ಶೇಟ್ರೇ, ಇನ್ನು ಇವಳಿಗೆ ದನದ ಹಾಲು ಬಂದ್, ಇದೇ ಕೊಡೂದು. ಬಣ್ಣ ಬರ್ತದಂತೆ" ಎಂದಾಗ ಕೊಡುವುದಿಲ್ಲ ಎಂದುಬಿಟ್ಟೆ.

"ಬಣ್ಣ ಗೋಡೆಗೆ ಬಳಿ. ಕೂಸಿಗೆ ಮೈ ಬೆಳೀಬೇಕು."

ಅಲ್ಲೇ ನಿಂತಿದ್ದ ಬಾದಾಮಿ ಹಾಲಿನ ಕಂಪನಿಯ ಸೇಲ್ಸ್‌ಮನ್‌ಗೆ ಸಿಟ್ಟು ಬಂತು. "ಕ್ಯಾಲ್ಸಿಯಂ ಹಾಕಿದ್ದೇವೆ ಸರ್!"

"ಪ್ರೋಟೀನ್ ಎಷ್ಟು ಹಾಕಿದ್ದಿ ಮಾರಾಯಾ?"

ಅವನು ಪ್ಯಾಕೆಟ್ ತಿರುಗಿಸಿ ನೋಡಿ, ಮೆಲ್ಲಗೆ ಕಪಾಟಿನಲ್ಲಿ ವಾಪಸ್ ಇಟ್ಟ. ನಾನು ಅವಳತ್ತ ತಿರುಗಿದೆ. "ತಂಗೀ, ಮೂರನೇ ಸಲ ಹಿಂಡಿದ ಕಾಯಿ ಹಾಲು ಕೂಸಿಗೆ ಕುಡಿಸ್ತಿಯಾ?"

"ಅಯ್ಯೋ, ಅದು ಬರೇ ನೀರು! ತರಕಾರಿ ಬೇಯಿಸೂಕೆ ಹಾಕ್ತೆ."

"ಇದೂ ಹಂಗೇ. ಬಾದಾಮಿ ಒಂಚೂರು, ನೀರೇ ಜಾಸ್ತಿ."

ಅವಳು ನಕ್ಕು, ಎದುರಿನ ಅಂಗಡಿಯಿಂದ ದನದ ಹಾಲು ಕೊಂಡು ಹೋದಳು. ನನ್ನಲ್ಲಿ ಅದು ಮುಗಿದಿತ್ತು.

"ಹೀಗಾದ್ರೆ ಮಾಲು ಕಾರವಾರದ ಅಂಗಡಿಯವರಿಗೇ ಕೊಡ್ತೇವೆ" ಎಂದ ಸೇಲ್ಸ್‌ಮನ್.

"ಈಗಲೇ ಹೊರು" ಎಂದೆ.

ವ್ಯಾಪಾರ ಹೋದರೆ ಹೋಗಲಿ. ಗಟ್ಟಿಮುಟ್ಟಾಗಿ ಬೆಳೆದು ಚಾಕಲೇಟಿಗೆ ಹಟ ಹಿಡಿಯುವ ಮಕ್ಕಳೇ ಅಂಗಡಿಯವನಿಗೆ ಒಳ್ಳೆಯ ಗಿರಾಕಿಗಳು.